ಶಾವಂತ್ರವ್ವನ ಸರದಿ

ಹುಣಸೆಹಣ್ಣು ಬಡಿಯುವ ಕಾಲ, ಮಾಘ ಮಾಸ ಅರ್ಧ ಕಳೆದಿತ್ತು. ವಿಮಾ ಕಚೇರಿಯ ಮೂರನೆಯ ಮೆಟ್ಟಿಲಿಗೆ ಬಿಸಿಲು ಬಂತೆಂದರೆ ಹತ್ತು ಗಂಟೆ. ಆವತ್ತು ನಾನೂ ಹಾಲಪ್ಪನೂ ಹೋಗಿ ಕುಳಿತಾಗ ಮೆಟ್ಟಿಲು ಇನ್ನೂ ತಣ್ಣಗಿತ್ತು. ಒಂದು ಅರ್ಜಿ ಕೊಟ್ಟು ಬಿಸಿಲೇರುವ ಮೊದಲು ಮನೆ ಸೇರೋಣ ಎಂದು ಬಂದವರು ನಾವು. ಆಮೇಲೆ ಆ ಮೆಟ್ಟಿಲಿನ ಮೇಲೆ ಎಷ್ಟು ದಿನ ಕುಳಿತೆವೆಂದರೆ, ಅದರ ಯಾವ ಮೂಲೆಯ ಕಲ್ಲು ಎಲ್ಲಿ ಚುಚ್ಚುತ್ತದೆ ಎಂಬುದು ನನಗೆ ಇವತ್ತಿಗೂ ಗೊತ್ತು.

ನಾನು ದ್ಯಾಮಣ್ಣ. ವಿಮಾ ಕಚೇರಿಗೆ ಹೊಂದಿಕೊಂಡೇ ಸಿಪಾಯಿ ಕಚೇರಿ ಇದೆ. ಅಲ್ಲಿ ಮೂವತ್ತೊಂದು ವರ್ಷ ಜವಾನನಾಗಿದ್ದೆ. ಹಿಂದೆ ಅದೆಲ್ಲ ಸೇರಿ ಒಂದೇ ಉಪ್ಪಿನ ಕೋಠಿ, ನಡುವೆ ಗೋಡೆ ಹಾಕಿ ಎರಡು ಕಚೇರಿ ಮಾಡಿದರು. ಈ ಕಡೆಯವರು ಕೆಮ್ಮಿದರೆ ಆ ಕಡೆಯವರಿಗೆ ಕೇಳುತ್ತದೆ. ಯುದ್ಧದಲ್ಲಿ ಕೈಕಾಲು ಕಳೆದುಕೊಂಡು ಬಂದವರಿಗೆ ಆ ಕಡೆ ಪಿಂಚಣಿ. ದುಡಿದು ದುಡಿದು ಇನ್ನು ಮೈ ಏಳದು ಎನ್ನುವವರಿಗೆ ಈ ಕಡೆ ವಿಮೆ. ಹಾಲಪ್ಪನಿಗೆ ಎರಡೂ ಬರಬೇಕಾಗಿತ್ತು. ಅವನ ಬಲಗಾಲು ಮೊಣಕಾಲಿನಿಂದ ಕೆಳಗೆ ಯುದ್ಧದಲ್ಲಿ ಹೋಗಿತ್ತು, ಅದಕ್ಕೆ ಸಿಪಾಯಿ ಪಿಂಚಣಿ ಬರುತ್ತಿತ್ತು. ಆಮೇಲೆ ಅವನು ಹಗ್ಗದ ಕಾರ್ಖಾನೆ ಸೇರಿ, ಉಳಿದ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತು, ಇಪ್ಪತ್ತೈದು ವರ್ಷ ರಾಟೆ ತಿರುಗಿಸಿದ. ಪ್ರತಿ ವಾರ ಕೂಲಿಯಲ್ಲಿ ವಿಮೆಗೆಂದು ಮುರಿದುಕೊಂಡರು. ಈಗ ಆ ಎಡ ಮೊಣಕಾಲೂ ಸವೆದು, ಸೊಂಟ ಕುಸಿದು, ಕಾರ್ಖಾನೆಯವರು ಮನೆಗೆ ಕಳಿಸಿದ್ದರು. ಒಂದು ಕೊಟ್ಟ ಕಾಲಿಗೆ, ಇನ್ನೊಂದು ಸವೆದ ಕಾಲಿಗೆ. ಇದರಲ್ಲಿ ತಿಳಿಯದಂಥದ್ದು ಏನಿದೆ ಎಂಬುದು ನನಗೆ ಇನ್ನೂ ತಿಳಿದಿಲ್ಲ.

ವಿಮಾ ಕಚೇರಿಯ ಸಾಹೇಬರು ಸುಧೀಂದ್ರ ಎಂದು, ರಾಜಧಾನಿಯ ಕಡೆಯಿಂದ ವರ್ಗವಾಗಿ ಬಂದವರು. ಕೆಟ್ಟ ಮನುಷ್ಯರಲ್ಲ. ಅರ್ಜಿ ಓದಿದರು, ಕನ್ನಡಕ ತೆಗೆದರು, ಒಂದೇ ಕಾಲಿಗೆ ಎರಡು ಕಡೆಯಿಂದ ಹೇಗೆ ಕೊಡುವುದು ಎಂದರು. ಒಂದೇ ಕಾಲಲ್ಲ ಎಂದು ಹಾಲಪ್ಪ ಎರಡನ್ನೂ ತೋರಿಸಿದ, ಇರುವುದನ್ನೂ ಇಲ್ಲದ್ದನ್ನೂ. ಹಾಗಾದರೆ ಸಿಪಾಯಿ ಕಚೇರಿಯಿಂದ ಒಂದು ಕಾಗದ ತನ್ನಿ ಎಂದರು. ನಾವು ಪಕ್ಕದ ಬಾಗಿಲಿಗೆ ಹೋದೆವು. ಅಲ್ಲಿಯ ಗುಮಾಸ್ತ, ನಾನು ಎಷ್ಟೋ ವರ್ಷ ನೀರು ಕೊಟ್ಟವನು, ಅಂಥ ಕಾಗದವನ್ನು ಅರ್ಜಿದಾರನ ಕೈಗೆ ಕೊಡುವಂತಿಲ್ಲ, ಕಚೇರಿಯಿಂದ ಕಚೇರಿಗೆ ಅಂಚೆಯಲ್ಲಿ ಹೋಗಬೇಕು ಎಂದ. ಅಂಚೆ ಎಂದರೆ ಇಲ್ಲಿಂದ ರಾಜಧಾನಿಗೆ, ರಾಜಧಾನಿಯಿಂದ ಇಲ್ಲಿಗೆ. ಒಂದು ಗೋಡೆ ದಾಟಲು ಆ ಕಾಗದ ನಲವತ್ತೊಂದು ದಿನ ತೆಗೆದುಕೊಂಡಿತು. ಅಷ್ಟರಲ್ಲಿ ಹುಣಸೆಹಣ್ಣು ಮುಗಿದು ಮಾವಿನಕಾಯಿ ಬಂದಿದ್ದವು.

ಬಂದ ಕಾಗದದಲ್ಲಿ ಎರಡೇ ಸಾಲು. ಬಲಗಾಲು ಮೊಣಕಾಲಿನ ಕೆಳಗೆ ಇಲ್ಲ, ಬಿದ್ದು ಗಾಯ. ಹಗುರ ಕೆಲಸ ಮಾಡಬಹುದು. ಸುಧೀಂದ್ರ ಸಾಹೇಬರು ಬೆರಳಿಟ್ಟು ಓದಿದರು.

"ಹಗುರ ಕೆಲಸ ಮಾಡಬಹುದು ಅಂತಿದೆಯಲ್ರೀ. ಮಾಡಿ ಮತ್ತೆ."

"ಆ ಹಗುರ ಕೆಲಸ ಮಾಡಿ ಮಾಡೇ ಈ ಕಾಲು ಹೋತ್ರಿ," ಎಂದ ಹಾಲಪ್ಪ. "ಅದು ಇಪ್ಪತ್ತಾರು ವರ್ಷದ ಹಿಂದಿನ ಕಾಗದ."

ಸಾಹೇಬರು ಅದನ್ನು ಒಪ್ಪಿಕೊಂಡರು. ಆದರೆ ಹಳೆಯ ಕಾಗದ ತಪ್ಪಾಗಿದ್ದರೆ ಸಿಪಾಯಿ ಕಚೇರಿಯವರೇ ತಿದ್ದಬೇಕು ಎಂದರು. ಸಿಪಾಯಿ ಕಚೇರಿಯವರು, ಕೆಲಸ ಮಾಡಲಾಗದು ಎಂದು ನೀನೇ ಅಲ್ಲಿ ಬರೆದುಕೊಟ್ಟಿದ್ದೀಯ, ಕೆಲಸ ಮಾಡಬಹುದು ಎಂದು ನಮ್ಮಲ್ಲಿದೆ, ಎರಡರಲ್ಲೊಂದು ಸುಳ್ಳಾಗಬೇಕು, ಅದು ತೀರ್ಮಾನವಾಗುವ ತನಕ ಪಿಂಚಣಿ ತಡೆಹಿಡಿಯುತ್ತೇವೆ ಎಂದರು. ಹೊಸದನ್ನು ಕೇಳಲು ಹೋಗಿ ಇದ್ದದ್ದೂ ನಿಂತಿತು. ಕಾಲು ಮರಳಿ ಬೆಳೆದಿಲ್ಲ ಎಂದು ವರ್ಷಕ್ಕೊಮ್ಮೆ ಡಾಕ್ಟರ ಕೈಲಿ ಬರೆಸಿ ಕೊಡುತ್ತಾ ಬಂದವನು ಹಾಲಪ್ಪ. ಆವತ್ತು ಮೆಟ್ಟಿಲ ಮೇಲೆ ಕುಳಿತು ಮರದ ಕಾಲು ಬಿಚ್ಚಿ ಪಕ್ಕಕ್ಕಿಟ್ಟುಕೊಂಡ. ಈ ಕಾಲು ಎರಡು ಕಚೇರಿಗೂ ಬೇಡವಾಗಿದೆ, ಇಲ್ಲೇ ಬಿಟ್ಟು ಹೋಗಲೇ ಎಂದು ನನ್ನನ್ನೇ ಕೇಳಿದ.

ಕೊನೆಗೆ ಸುಧೀಂದ್ರ ಸಾಹೇಬರೇ ದಪ್ಪ ಪುಸ್ತಕ ತೆಗೆದು ನಾಲ್ಕು ದಿನ ಓದಿ ಹುಡುಕಿದರು. ಎರಡೂ ಕೊಡಬಹುದು ಎಂದಿತ್ತು. ಎರಡೂ ಒಟ್ಟಿಗೆ, ಒಂದಕ್ಕೊಂದು ಅಡ್ಡಿಯಿಲ್ಲದೆ. ಆದರೆ ಮೊದಲ ಗಾಯ ಹೇಗಾಯಿತು ಎಂಬುದನ್ನು ಮೊದಲಿನಿಂದ ಕಡೆಯ ತನಕ ಅಧಿಕಾರಿಯ ಎದುರು ಬಾಯಾರೆ ಹೇಳಬೇಕು. ಬಿದ್ದು ಗಾಯ ಎಂದರೆ ಎಲ್ಲಿ ಬಿದ್ದದ್ದು, ಕಾರ್ಖಾನೆಯಲ್ಲೋ ಯುದ್ಧದಲ್ಲೋ ಎಂದು ನಾಳೆ ಮೇಲಿನವರು ಕೇಳುತ್ತಾರೆ ಎಂದರು.

"ನೀವು ಹೇಳಿಬಿಡಿ, ನಾನು ಕೇಳಿದ್ದೀನಿ ಅಂತ ಸಹಿ ಹಾಕ್ತೀನಿ. ಐದು ನಿಮಿಷದ ಕೆಲಸ."

ಹಾಲಪ್ಪ ಬಾಯಿ ತೆರೆದ. ಏನೂ ಬರಲಿಲ್ಲ. ಮುಚ್ಚಿ ಮತ್ತೆ ತೆರೆದ.

"ಹೇಳೋಕೆ ಏನು ಕಷ್ಟ ನಿಮಗೆ?" ಎಂದರು ಸಾಹೇಬರು. ನಮ್ಮ ಊರಿಗೆ ಬಂದು ಆಗ ಆರು ತಿಂಗಳಾಗಿತ್ತು ಅವರಿಗೆ.

ನಮ್ಮಲ್ಲಿ, ತನ್ನ ಮೈಮೇಲೆ ಬಂದುಹೋದ ಕೆಟ್ಟದ್ದನ್ನು ಮನುಷ್ಯ ಇಡಿಯಾಗಿ ಹೇಳಬಹುದಾದದ್ದು ಒಂದೇ ಸಲ. ಎರಡನೆಯ ಸಲಕ್ಕೆ ನಾಲಿಗೆ ಏಳುವುದಿಲ್ಲ. ತುಂಡು ಮಾತು ಎಷ್ಟು ಬೇಕಾದರೂ ಬರುತ್ತದೆ. ಕಾಲು ಹೋಯಿತು, ಮನೆ ಬಿತ್ತು, ಕೂಸು ಉಳಿಯಲಿಲ್ಲ, ಇಂಥವು. ಹೇಗೆ ಎಂದು ಹೇಳುವ ಇಡೀ ಮಾತು ಮಾತ್ರ ಒಂದು ಸಲ. ಕೇಳಿದವರೂ ಅದನ್ನು ಒಂದೇ ಸಲ ಮುಂದಕ್ಕೆ ದಾಟಿಸಬಹುದು. ಕಾಗದಕ್ಕಂತೂ ಅದು ಇಳಿಯುವುದೇ ಇಲ್ಲ. ಎರಡು ಸಾಲು ಆಗುವಷ್ಟರಲ್ಲಿ ಕೈ ನಿಂತುಬಿಡುತ್ತದೆ. ಹೀಗಾಗಿ ಜನ ಇಡೀ ಮಾತನ್ನು ಜೋಪಾನ ಮಾಡುತ್ತಾರೆ. ಕೆಲವರು ತಾಯಿಗೆ ಕೊಡುತ್ತಾರೆ, ಕೆಲವರು ಗೆಳೆಯನಿಗೆ. ಹೆಚ್ಚಿನವರು ಮದುವೆಯಾದ ವಾರದಲ್ಲಿ, ನಡುವೆ ಒಂದು ತಂಬಿಗೆ ನೀರಿಟ್ಟು ಎದುರುಬದುರು ಕುಳಿತು, ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ಕೊಡುತ್ತಾರೆ. ಇನ್ನೊಂದು ಪದ್ಧತಿಯೂ ಇದೆ. ಒಬ್ಬರ ಇಡೀ ಮಾತನ್ನು ಬೇರೊಬ್ಬರು ಹೇಳುವಾಗ ಮಾತಿನ ಒಡೆಯ ಅಲ್ಲಿ ಇರಕೂಡದು, ಎದ್ದು ಹೊರಗೆ ಹೋಗಬೇಕು. ಎದುರಿಗೇ ಆಡುವುದು ಜೀವವಿದ್ದವನನ್ನು ಚಟ್ಟಕ್ಕೆ ಕಟ್ಟಿದ ಹಾಗೆ ಎಂದು ನಮ್ಮವರ ಭಾವನೆ. ಯಾರೂ ಅದನ್ನು ಮೀರಿದವರಿರಲಿಲ್ಲ.

ಹಾಲಪ್ಪ ತನ್ನ ಇಡೀ ಮಾತನ್ನು ಕೌಂಟರಿಗೆ ಕೊಟ್ಟುಬಿಟ್ಟಿದ್ದ. ಯುದ್ಧ ಮುಗಿದ ಮರುವರ್ಷ, ಇನ್ನೂ ಮದುವೆಯಾಗದ ಹುಡುಗ, ಹೊಸ ಊರುಗೋಲು ಹಿಡಿದು ಸಿಪಾಯಿ ಕಚೇರಿಗೆ ಬಂದ. ಗುಮಾಸ್ತ ವೆಂಕೋಬರಾಯರು, ಹೇಳದಿದ್ದರೆ ಪಿಂಚಣಿ ಇಲ್ಲ ಎಂದರು. ಮನೆಯಲ್ಲಿ ಉಣ್ಣುವ ಬಾಯಿ ಐದು. ಅವನು ಹೇಳಿದ. ಅವನು ಹೇಳುತ್ತಿದ್ದಷ್ಟು ಹೊತ್ತೂ ರಾಯರು ರೂಲುದೊಣ್ಣೆ ಇಟ್ಟು ಹೊಸ ಪುಸ್ತಕಕ್ಕೆ ಗೀಟು ಹಾಕುತ್ತಿದ್ದರು. ಮುಗಿದ ಮೇಲೆ ಬಿದ್ದು ಗಾಯ ಎಂದು ಬರೆದರು. ಮರುವರ್ಷ ಶಾವಂತ್ರವ್ವನ ಜೊತೆ ಅವನ ಮದುವೆಯಾಯಿತು. ತಂಬಿಗೆ ನೀರಿಟ್ಟು ಕುಳಿತರು. ಅವಳು ತನ್ನದನ್ನು ಕೊಟ್ಟಳು. ಅದೇನೆಂದು ಹಾಲಪ್ಪನೊಬ್ಬನಿಗೇ ಗೊತ್ತು. ಅವನ ಸರದಿ ಬಂದಾಗ ಅವನು ನೀರು ಕುಡಿದು ತಂಬಿಗೆ ಖಾಲಿ ಮಾಡಿದ. ಅವಳು ಒಮ್ಮೆಯೂ ಅದನ್ನು ಆಡಿ ತೋರಿಸಲಿಲ್ಲ. ಆದರೆ ನೆರೆಯ ಹೆಂಗಸರು ಗಂಡಂದಿರ ಸಂಗತಿ ಆಡುವಾಗ ಅವಳು ಕೊಡ ಎತ್ತಿಕೊಂಡು ಎದ್ದುಹೋಗುತ್ತಿದ್ದಳು, ತುಂಬಿರಲಿ ಇಲ್ಲದಿರಲಿ.

ಸುಧೀಂದ್ರ ಸಾಹೇಬರು ಹಾಲಪ್ಪನ ಬಾಯಿಯನ್ನು ಒಂದು ತಿಂಗಳು ಕಾದರು. ಆಮೇಲೆ ಯಾರೋ ಅವರಿಗೆ ಊರಿನ ರೀತಿ ತಿಳಿಸಿದರು. ಅವರು ನಂಬಿದರೋ, ಬೇಸತ್ತು ಒಪ್ಪಿದರೋ, ಹಾಗಾದರೆ ಕೇಳಿದವರನ್ನು ಕರೆತನ್ನಿ ಎಂದರು. ವೆಂಕೋಬರಾಯರು ಸತ್ತು ಹನ್ನೊಂದು ವರ್ಷವಾಗಿತ್ತು. ಹಾಲಪ್ಪ ಮೆಟ್ಟಿಲಿಳಿದ. ಅಂದು ಅವನು ಮನೆಯ ತನಕ ನಾಲ್ಕು ಕಡೆ ಕುಳಿತು ಸುಧಾರಿಸಿಕೊಂಡ. ನಾನು ಅವನ ಹಿಂದೆ ನಡೆಯುತ್ತಾ, ಇಷ್ಟು ವರ್ಷ ಹೇಳದೆ ಇಟ್ಟದ್ದನ್ನು ಹೇಳಲೋ ಬೇಡವೋ ಎಂದು ನಾಲ್ಕು ಕಡೆಯೂ ಯೋಚಿಸಿದೆ.

ಶಾವಂತ್ರವ್ವ ಕಟ್ಟೆಯ ಮೇಲೆ ಮಣೆ ಹಾಕಿಕೊಂಡು ಶ್ಯಾವಿಗೆ ಹೊಸೆಯುತ್ತಿದ್ದಳು. ಅವಳ ಕೈಯಲ್ಲಿ ಎಳೆ ಮೊಳವಾದರೂ ಹರಿಯುತ್ತಿರಲಿಲ್ಲ. ಹಾಲಪ್ಪ ಗೋಡೆಗೆ ಒರಗಿ ಕುಳಿತ. ನಾನು ನಿಂತುಕೊಂಡೇ ಹೇಳಿದೆ.

"ನಾ ಕೇಳೇನಿ. ಅವತ್ತು ನೀರಿನ ಹರವಿ ಕಡೆ ಸ್ಟೂಲಿನ ಮ್ಯಾಲೆ ಕುಂತಿದ್ದೆ. ರಾಯರು ಕೇಳಿದ್ರೋ ಇಲ್ಲೋ, ನಾ ಎಲ್ಲಾ ಕೇಳೇನಿ. ಯಾರಿಗೂ ಕೊಟ್ಟಿಲ್ಲ."

ಎಳೆ ಹರಿಯಿತು. ಅವಳು ಅದನ್ನು ಮುದ್ದೆ ಮಾಡಿ ಹಿಟ್ಟಿಗೆ ಸೇರಿಸಿದಳು.

"ಇಪ್ಪತ್ತೈದು ವರ್ಷ ಆತು," ಎಂದಳು. "ಈ ಕಟ್ಟಿ ಮ್ಯಾಲೆ ಕುಂತು ನನ್ನ ಕೈಲೆ ಚಾ ಕುಡದಿಯಲ್ಲೋ ಅಣ್ಣಾ. ಒಂದಿನಾನೂ ಹೇಳಬೇಕು ಅನ್ನಿಸಲಿಲ್ಲ ನಿನಗ?"

"ಅದು ನನ್ನದಲ್ಲವ್ವಾ. ಕೇಳಲಾರದ ಹ್ಯಾಂಗ ಕೊಡ್ಲಿ?"

"ನಿನ್ನ ಹಂತೇಕ ಐತಿ ಅಂತ ಗೊತ್ತಿದ್ರ ಕೇಳತಿದ್ನಲ್ಲ. ಗೊತ್ತಿಲ್ಲದ್ದನ್ನ ಹ್ಯಾಂಗ ಕೇಳಲಿ?"

ಬಾಗಿಲು ತೆಗೆ ಎಂದರೆ ತೆಗೆದು, ಮುಚ್ಚು ಎಂದರೆ ಮುಚ್ಚಿ ಬಾಳಿದವನು ನಾನು. ಯಾರೂ ಹೇಳದೆ ತೆಗೆಯಬೇಕಾದ ಬಾಗಿಲೂ ಇರುತ್ತದೆ ಎಂದು ಹೊಳೆದಿರಲಿಲ್ಲ. ಹಾಲಪ್ಪ ಗೋಡೆಯ ಕಡೆ ಮುಖ ಮಾಡಿ, ಈಗ ಗೊತ್ತಾಯಿತಲ್ಲ, ಕಚೇರಿ ಹಾಳಾಗಿ ಹೋಗಲಿ, ಆಕೆಗೇ ಹೇಳಿಬಿಡು, ನಾನು ಹೊರಗೆ ಹೋಗುತ್ತೇನೆ ಎಂದು ಊರುಗೋಲಿಗೆ ಕೈ ಹಾಕಿದ. ಎರಡು ಸಲ ಏಳಲು ನೋಡಿದ. ಎಡಗಾಲು ಕೇಳಲಿಲ್ಲ. ಶಾವಂತ್ರವ್ವ ಅದನ್ನು ನೋಡುತ್ತಾ ಕುಳಿತಿದ್ದಳು. ನಿಂತ ಪಿಂಚಣಿ ಒಂದು, ಬಾರದ ವಿಮೆ ಒಂದು. ನೆರೆಯವರ ಹಿಟ್ಟಿನಲ್ಲಿ ಕೂಲಿಗೆ ಶ್ಯಾವಿಗೆ ಹೊಸೆಯುವ ಕೈ ಎರಡು. ಆ ಮನೆಯಲ್ಲಿ ಇದ್ದದ್ದು ಅಷ್ಟೇ.

"ಆಫೀಸಿಗೆ ಕೊಡು ಅಣ್ಣಾ," ಎಂದಳು. "ನನಗ ರೂಢಿ ಆಗೇತಿ."

ಮಂಗಳವಾರಕ್ಕೆ ಸಮಯ ಕೊಟ್ಟರು. ದಾರಿಯಲ್ಲಿ ನಾನು ಒಂದು ಉಪಾಯ ಮಾಡಿದ್ದೆ. ಪದ್ಧತಿಯಂತೆ ಹಾಲಪ್ಪ ಹೊರಗೆ ಇರುತ್ತಾನೆ. ಅವನ ಕುರ್ಚಿಯಲ್ಲಿ ಶಾವಂತ್ರವ್ವ ಕೂರಲಿ. ಒಂದೇ ಸಲ ಹೇಳುವುದಾದರೂ ಕೇಳುವ ಕಿವಿ ಇಬ್ಬರದ್ದು ಇರಬಹುದಲ್ಲ. ಸಾಹೇಬರಿಗೆ ಕೈಮುಗಿದು ಹೇಳಿದೆ. ಅವರು ಗೋಡೆಗೆ ಅಂಟಿಸಿದ ಕಾಗದ ತೋರಿಸಿದರು. ಸಾಕ್ಷಿ ಹೇಳುವಾಗ ಅರ್ಜಿದಾರ ಎದುರಿಗೆ ಇರಲೇಬೇಕು. ಅವನ ಮನೆಯವರು ಯಾರೂ ಒಳಗೆ ಇರಕೂಡದು. ಹಾಲಪ್ಪ, ನನ್ನೆದುರಿಗೇ ಹೇಳಿಸುವುದು ನಮ್ಮಲ್ಲಿ ಇಲ್ಲ ಎಂದ. ಶಾವಂತ್ರವ್ವ ಬಾಗಿಲ ಬಳಿ ಸೆರಗು ಹಿಡಿದು ನಿಂತಿದ್ದಳು. ನಾನು ಜೀವಮಾನದಲ್ಲಿ ಮೊದಲ ಸಲ ಒಬ್ಬ ಸಾಹೇಬರ ಮುಂದೆ ದನಿ ಎತ್ತಿದೆ. ಅದೂ ಎಷ್ಟು ಎತ್ತಿದೆನೆಂದರೆ, ಅವರು ಏನೆಂದಿರಿ ಎಂದು ಕೇಳಿದರು, ನಾನು ಏನಿಲ್ಲ ಎಂದೆ. ಇರಬೇಕಾದವಳನ್ನು ಹೊರಗೆ ಹಾಕಿದರು, ಹೋಗಬೇಕಾದವನನ್ನು ಒಳಗೆ ಕೂರಿಸಿದರು.

ನಾನು ಹೇಳಿದೆ. ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯಲಾರೆ, ಅದು ಆವತ್ತಿಗೆ ನನ್ನಲ್ಲಿ ಮುಗಿಯಿತು. ಹಾಲಪ್ಪ ನೆಲ ನೋಡುತ್ತಾ ಕೇಳಿದ. ನಡುವೆ ಒಂದು ಕಡೆ ತಲೆಯೆತ್ತಿ, ಇದು ಯಾರಿಗೆ ಆದದ್ದು ಎಂಬಂತೆ ನನ್ನ ಮುಖ ನೋಡಿ ಮತ್ತೆ ತಗ್ಗಿಸಿದ. ಸುಧೀಂದ್ರ ಸಾಹೇಬರ ಪೆನ್ನು ಮೊದಲ ಸಾಲಿಗೇ ನಿಂತಿತ್ತು. ಮುಗಿದ ಮೇಲೆ ಅವರೇ ಎದ್ದು ಹೋಗಿ ಹಾಲಪ್ಪನಿಗೆ ನೀರು ತಂದುಕೊಟ್ಟರು. ಸೋಮವಾರ ಬನ್ನಿ, ಸಹಿ ಮಾಡಿ ಇಟ್ಟಿರುತ್ತೇನೆ ಎಂದರು. ಹೊರಗೆ ಮೆಟ್ಟಿಲಿನ ಮೇಲೆ ಶಾವಂತ್ರವ್ವ ಕಾಯುತ್ತಿದ್ದಳು. ಬಿಸಿಲು ಬಹಳ ಇದೆ ಎಂದಳು.

ಗುರುವಾರ ಸುಧೀಂದ್ರ ಸಾಹೇಬರಿಗೆ ವರ್ಗವಾಯಿತು. ಅಂದೇ ಮಧ್ಯಾಹ್ನದ ಬಸ್ಸಿಗೆ ಹೋದರು. ಸಹಿ ಆಗಿರಲಿಲ್ಲ.

ಸೋಮವಾರ ಹೊಸ ಮೇಡಂ ಕುಳಿತಿದ್ದರು. ಕಡತದಲ್ಲಿ ಎರಡು ಸಾಲು ಬಿಟ್ಟು ಏನೂ ಇಲ್ಲ ಎಂದರು. ನಮ್ಮ ಒತ್ತಾಯಕ್ಕೆ ಹಿಂದಿನ ಸಾಹೇಬರಿಗೆ ಫೋನು ಹಚ್ಚಿದರು. ಅವರು ಪಾಪ, ಹೇಳಲು ನೋಡಿ ಸೋತರಂತೆ. ಬಸ್ಸಿನಲ್ಲಿ ಮನಸ್ಸು ತಡೆಯದೆ ಪಕ್ಕದ ಸೀಟಿನವನಿಗೆ ಎಲ್ಲ ಹೇಳಿಬಿಟ್ಟಿದ್ದರಂತೆ, ಬಸ್ಸು ಊರಿನ ಸುಂಕದ ಕಟ್ಟೆ ದಾಟುವುದಕ್ಕೆ ಮೊದಲೇ. ದಾಟಿದ ಮೇಲೆ ಹೇಳಿದ್ದರೆ ಏನಾಗುತ್ತಿತ್ತೋ. ಒಂದು ಫರ್ಲಾಂಗಿನಲ್ಲಿ ನಮ್ಮ ಕೆಲಸ ಕೆಟ್ಟಿತು. ಮೇಡಂ ಫೋನಿಟ್ಟು, ನನ್ನೆದುರು ಮತ್ತೊಮ್ಮೆ ಹೇಳಲೇಬೇಕು, ಇಲ್ಲದಿದ್ದರೆ ಅರ್ಜಿ ವಜಾ ಮಾಡುತ್ತೇನೆ, ಸಿಪಾಯಿ ಕಚೇರಿಗೂ ಹಾಗೆಯೇ ತಿಳಿಸುತ್ತೇನೆ ಎಂದರು. ನಾನು ಬಾಯಿ ತೆರೆದೆ. ಒಣಗಿದ ಹರವಿಯ ಒಳಗೆ ಕೈಯಾಡಿಸಿದ ಹಾಗಾಯಿತು.

ಮೇಡಂ ಹಾಲಪ್ಪನ ಕಡೆ ತಿರುಗಿದರು. ನನಗೆ ಬರುವುದಿಲ್ಲ, ಎಷ್ಟು ಸಲ ಹೇಳಬೇಕು ನಿಮಗೆ, ಎನ್ನಲು ಅವನು ಬಾಯಿ ತೆರೆದ.

"ಅವತ್ತು ನಮ್ಮ ಬೂಟು ಒದ್ದಿ ಇದ್ವು," ಎಂದು ಬಂತು.

ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಊರುಗೋಲು ನೆಲಕ್ಕೆ ಬಿತ್ತು. ಆ ಇಡೀ ಮಾತು ಶುರುವಾಗುವುದೇ ಅಲ್ಲಿಂದ ಎಂದು ನನಗೆ ಗೊತ್ತಿತ್ತು. ಅವನು ಕೇಳಿಸಿಕೊಂಡಿದ್ದ. ಹೋದ ಮಂಗಳವಾರ ಅದೇ ಕುರ್ಚಿಯಲ್ಲಿ ಕುಳಿತು, ಬೇರೆ ಯಾರದೋ ಎಂಬಂತೆ, ತನ್ನದನ್ನೇ ಕೇಳಿಸಿಕೊಂಡಿದ್ದ. ಕೇಳಿದವನಿಗೆ ಒಂದು ಸಲ ಹೇಳುವ ಅಧಿಕಾರ ಇದೆ. ಒಡೆಯನನ್ನು ಎದ್ದು ಹೋಗು ಎಂದು ಕಳಿಸುತ್ತಾ ಬಂದ ನಮ್ಮ ಊರಿಗೆ ಇದು ಗೊತ್ತಾಗುವ ದಾರಿಯೇ ಇರಲಿಲ್ಲ.

ಮುಂದುವರಿಸಿ ಎಂದರು ಮೇಡಂ.

ಹಾಲಪ್ಪ ಅವರನ್ನು ನೋಡಿದ. 'ಸೂಚನೆ' ಎಂದು ಬರೆದು ಗೋಡೆಗೆ ಅಂಟಿಸಿದ್ದನ್ನು ನೋಡಿದ. ಆಮೇಲೆ ಬಾಗಿಲ ಕಡೆ ನೋಡಿದ. ಅಲ್ಲಿಂದ ಮೂರನೆಯ ಮೆಟ್ಟಿಲೂ, ಅದರ ಮೇಲೆ ಕುಳಿತವಳ ಹೆರಳಿನ ತುದಿಯೂ ಕಾಣುತ್ತಿದ್ದವು. ಒಂದು ಕೈಯನ್ನು ಬಾಯಿಯಿಂದ ತೆಗೆಯದೆ, ಇನ್ನೊಂದು ಕೈಯಲ್ಲಿ ಮೇಜು ಹಿಡಿದು ಎದ್ದ. ನಾನು ಊರುಗೋಲು ಕೊಟ್ಟೆ. ಈಗ ಹೋದರೆ ವಜಾ ಆಗುತ್ತದೆ ಎಂದು ಮೇಡಂ ಹೇಳುತ್ತಲೇ ಇದ್ದರು. ಅವನು ಹೋದ. ಮೆಟ್ಟಿಲಿನ ಮೇಲೆ ಶಾವಂತ್ರವ್ವನ ಪಕ್ಕ, ಬೀಳುವವನ ಹಾಗೆ ಕುಳಿತ.

ನಾನು ಅವರನ್ನು ದಾಟಿ ಬೀದಿಯ ನಲ್ಲಿಯ ಹತ್ತಿರ ಹೋಗಿ ನಿಂತೆ. ನಲ್ಲಿಯನ್ನು ಜೋರಾಗಿ ಬಿಟ್ಟೆ, ಕಿವಿಗೆ ಏನೂ ಬೀಳದಿರಲಿ ಎಂದು. ಯಾರೋ ಹೆಂಗಸು ನೀರು ಹಾಳು ಮಾಡುತ್ತೀಯಲ್ಲ ಎಂದು ಬೈದಳು. ಬೈಸಿಕೊಂಡೆ. ಅಲ್ಲಿಂದ ನೋಡಿದರೆ ಅವನ ಗದ್ದ ಅಲ್ಲಾಡುವುದು ಕಾಣುತ್ತಿತ್ತು. ಅವಳು ಮೊಣಕಾಲಿನ ಮೇಲೆ ಕೈಯಿಟ್ಟು ನೇರ ಎದುರಿಗೆ ನೋಡುತ್ತಿದ್ದಳು. ಒಂದು ಸಲ ಮಾತ್ರ ಅವನ ಮರದ ಕಾಲಿನ ಮೇಲೆ ಕೈಯಿಟ್ಟು ತೆಗೆದಳು. ಬಿಸಿಲು ಅವರ ಮೆಟ್ಟಿಲು ಬಿಟ್ಟು ಬೀದಿಗೆ ಇಳಿಯಿತು.

ನಾನು ನಲ್ಲಿ ನಿಲ್ಲಿಸಿ ಹತ್ತಿರ ಬಂದಾಗ ಶಾವಂತ್ರವ್ವ ಎದ್ದು ಸೀರೆ ಕೊಡವಿಕೊಳ್ಳುತ್ತಿದ್ದಳು. ಕಣ್ಣು ಕೆಂಪಾಗಿದ್ದವು, ದನಿ ಎಂದಿನಂತೆಯೇ ಇತ್ತು.

"ಏಳ್ರಿ, ಒಳಗ ಹೋಗೂಣು. ನಾ ಹೇಳ್ತೀನಿ ಆ ಮೇಡಂಗ."

"ಈಗರ ನಿನಗ ಸಿಕ್ಕೈತಿ," ಎಂದ ಹಾಲಪ್ಪ. "ಈಗೇ ಕಳಕೋತಿಯೇನು?"

"ನನಗ ಬೇಕಾಗಿದ್ದು ಕೇಳೂದು. ಕೇಳೇನಿ. ಅದನ್ನ ಯಾರೂ ಕಸಗೊಳ್ಳಂಗಿಲ್ಲ. ಮತ್ತ ನೀವು ಎದುರಿಗೆ ಕುಂದ್ರಬೇಕಂತ ಅವರದ ರೂಲು ಐತಲ್ಲ, ಕುಂತು ಕೇಳ್ರಿ. ಹೊಳ್ಳಿ ನಿಮಗ ಬರ್ತೈತಿ."

ಮೂವರೂ ಬಾಗಿಲಿಗೆ ಹೋದೆವು. ಮನೆಯವರು ಒಳಗೆ ಬರಕೂಡದು ಎಂದರು ಮೇಡಂ. ಮನೆಯವಳಾಗಿ ಬಂದಿಲ್ಲ, ಸಾಕ್ಷಿಯಾಗಿ ಬಂದಿದ್ದೇನೆ, ಸಾಕ್ಷಿಯನ್ನು ಹೊರಗೆ ನಿಲ್ಲಿಸಬೇಕೆಂದು ಎಲ್ಲಿ ಬರೆದಿದೆ ತೋರಿಸಿ ಎಂದಳು ಅವಳು. ಅವಳಿಗೆ ಓದು ಬಾರದು. ಮೇಡಂ ಗೋಡೆಯ ಕಾಗದವನ್ನು ಎರಡು ಸಲ ಓದಿ, ಕೂರಿ ಎಂದರು. ನಾನು ಹೊರಗೆ ಉಳಿದೆ. ಎಷ್ಟೋ ಹೊತ್ತಿನ ಮೇಲೆ ಪಕ್ಕದ ಸಿಪಾಯಿ ಕಚೇರಿಯ ಗುಮಾಸ್ತ ಮೂಗು ಒರೆಸಿಕೊಳ್ಳುತ್ತಾ ಹೊರಗೆ ಬಂದ. ಗೋಡೆಯ ಆಚೆಯಿಂದ ಎಲ್ಲ ಕೇಳಿಸಿತ್ತು ಅವನಿಗೆ. ತಡೆಹಿಡಿದ ಪಿಂಚಣಿಯ ಕಡತವನ್ನು ಅಂದೇ ಬಿಡಿಸಿದ. ಇಪ್ಪತ್ತಾರು ವರ್ಷದಲ್ಲಿ ಆ ಎರಡು ಕಚೇರಿಗಳ ನಡುವೆ ಅಂಚೆಯಿಲ್ಲದೆ ದಾಟಿದ್ದು ಆ ಮಾತೊಂದೇ.

ಆಷಾಢದಲ್ಲಿ ವಿಮೆಯ ಮಂಜೂರಾತಿ ಬಂತು. ಈಗ ಎರಡೂ ಬರತೊಡಗಿದವು. ಕಾಗದದ ಕೊನೆಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಇದೇ ಹೇಳಿಕೆಯನ್ನು ಪ್ರತಿ ವರ್ಷ ಮಾಘ ಮಾಸದಲ್ಲಿ ಹೊಸದಾಗಿ ಕೊಡತಕ್ಕದ್ದು. ಹಾಲಪ್ಪ ಅದನ್ನು ಓದಿಸಿ ಕೇಳಿ, ಕಾಲು ಬೆಳೆಯುತ್ತದೆ ಎಂಬ ಆಸೆ ಇವರಿಗೆ ಇನ್ನೂ ಹೋಗಿಲ್ಲ ಎಂದ.

ಒಂಬತ್ತು ವರ್ಷ ಹೀಗೆ ನಡೆಯಿತು. ಮಾಘದಲ್ಲಿ ಕಚೇರಿಯ ಒಳಗೆ ಶಾವಂತ್ರವ್ವನ ಸರದಿ. ಅವಳು ಹೇಳುವಳು, ಅವನು ಎದುರು ಕುಳಿತು ಕೇಳುವನು. ಶ್ರಾವಣದಲ್ಲಿ ಮನೆಯಲ್ಲಿ ಅವನ ಸರದಿ, ನಡುವೆ ತಂಬಿಗೆ ನೀರು. ಅವಳ ಸ್ವಂತ ಇಡೀ ಮಾತೂ ಹಾಗೆಯೇ ಇಬ್ಬರ ನಡುವೆ ಹೋಗಿ ಬರತೊಡಗಿತ್ತು. ತನ್ನ ಸಂಗತಿಯನ್ನು ಆಕೆ ತನಗಿಂತ ಚೆನ್ನಾಗಿ ಹೇಳುತ್ತಾಳೆ ಎಂದು ಹಾಲಪ್ಪ ಒಮ್ಮೆ ನನ್ನ ಹತ್ತಿರ ಅಂದ. ತಾನು ಮರೆತ ಒಂದೆರಡು ಸಣ್ಣ ವಿಷಯ ಆಕೆ ಮರೆತಿಲ್ಲವಂತೆ. ಊರಿನಲ್ಲಿಯೂ ಜನ ಮಾತಿನ ಒಡೆಯನನ್ನು ಎದ್ದು ಹೋಗು ಎನ್ನುವುದನ್ನು ಮೆಲ್ಲಗೆ ಬಿಟ್ಟರು. ಕಚೇರಿಯ ಕುರ್ಚಿಯಲ್ಲಿ ಆರು ಜನ ಸಾಹೇಬರು ಬದಲಾದರು. ಪ್ರತಿಯೊಬ್ಬರೂ ಮೊದಲು ಕೇಳಿದ್ದು ಒಂದೇ ಕಾಲಿಗೆ ಎರಡು ಕಡೆ ಹೇಗೆ ಎಂದು. ಪ್ರತಿ ಸಲ ನಾವು ಪುಸ್ತಕದ ಆ ಪುಟ ತೋರಿಸಿದೆವು. ಅದು ತೆರೆದು ತೆರೆದು, ಪುಸ್ತಕ ಎತ್ತಿಕೊಂಡರೆ ತಾನೇ ಅಲ್ಲಿಗೆ ಬಿಚ್ಚಿಕೊಳ್ಳುತ್ತಿತ್ತು.

ಹೋದ ಮಾಘದಲ್ಲಿ ಹೇಳಿಕೆಯ ದಿನ ನಾನೂ ಹಾಲಪ್ಪನೂ ಇಬ್ಬರೇ ಹೋದೆವು. ನನಗೂ ಈಗ ಮೆಟ್ಟಿಲು ಹತ್ತಲು ಅವನ ಊರುಗೋಲು ಬೇಕು. ಒಬ್ಬರು ಹತ್ತಿ ಇನ್ನೊಬ್ಬರಿಗೆ ಕೆಳಗೆ ಚಾಚುತ್ತೇವೆ. ಕುರ್ಚಿಯಲ್ಲಿ ಏಳನೆಯ ಸಾಹೇಬರು. ಕಡತ ನೋಡಿ ಸಾಕ್ಷಿ ಎಲ್ಲಿ ಎಂದರು.

"ಹೋದ್ಲು," ಎಂದ ಹಾಲಪ್ಪ.

ಸಾಹೇಬರು ಪೆನ್ನು ಕೆಳಗಿಟ್ಟರು. ಈ ವರ್ಷದ ಹೇಳಿಕೆ ಮತ್ಯಾರ ಹತ್ತಿರವಾದರೂ ಇದೆಯೇ ಎಂದು ಕೇಳಿದರು. ಇರಲಿಲ್ಲ. ಹಿಂದೆ ಕೇಳಿದ ಸಾಹೇಬರೆಲ್ಲ ವರ್ಗವಾಗಿ ಹೋಗಿದ್ದರು. ಶ್ರಾವಣದಲ್ಲಿ ಅವನು ಅದನ್ನು ಅವಳಿಗೆ ಕೊಟ್ಟಿದ್ದ, ಅದು ಅವಳ ಜೊತೆಯಲ್ಲೇ ಹೋಗಿತ್ತು. ಸಾಹೇಬರು ಪುಸ್ತಕ ತೆಗೆದು ಅದರಲ್ಲೇ ಏನೋ ಹುಡುಕಿ ಹಿಡಿದರು. ಸಾಕ್ಷಿ ತೀರಿಕೊಂಡಿದ್ದರೆ ವಿನಾಯಿತಿ ಉಂಟು, ವಿಮೆ ನಿಲ್ಲುವುದಿಲ್ಲ. ಆದರೆ ಹೇಗೆ ತೀರಿಕೊಂಡರು ಎಂಬುದನ್ನು ನೀವು ಮೊದಲಿನಿಂದ ಕಡೆಯ ತನಕ ನನ್ನೆದುರು ಹೇಳಬೇಕು ಎಂದರು. ಮೆತ್ತಗೇ ಹೇಳಿದರು. ಅವರಿಗೂ ಅಮ್ಮ ಅಕ್ಕಂದಿರು ಇದ್ದಾರೆ.

ಹಾಲಪ್ಪನ ಹತ್ತಿರ ಅದು ಇಡಿಯಾಗಿ ಇತ್ತು. ಕೊನೆಯ ಮೂರು ದಿನವೂ ಅವಳ ಹಾಸಿಗೆಯ ಪಕ್ಕ ಇದ್ದವನು ಅವನೊಬ್ಬನೇ. ಯಾರಿಗೂ ಕೊಟ್ಟಿರಲಿಲ್ಲ, ನನಗೂ ಕೊಟ್ಟಿರಲಿಲ್ಲ. ಅವನು ಕೌಂಟರಿನ ಹಲಗೆಯ ಮೇಲೆ ಕೈಯಿಟ್ಟ. ಹಲಗೆಯ ಮೇಲೆ ಒಂದು ರೂಲುದೊಣ್ಣೆ ಇತ್ತು.

"ಅದು ಇಡೀ ಮಾತು ಐತ್ರಿ," ಎಂದ. "ಇಲ್ಲಿ ಕೊಡೂದಿಲ್ಲ. ನಿಮಗ ಹಿಡಸುವಷ್ಟು ಹೇಳ್ತೀನಿ, ಬರಕೋರಿ."

ಸಾಹೇಬರು ಬರೆದುಕೊಂಡರು. ಅದು ಸಾಲುತ್ತದೋ ಇಲ್ಲವೋ ಅವರಿಗೂ ಗೊತ್ತಿಲ್ಲ, ಕಾಗದ ರಾಜಧಾನಿಗೆ ಹೋಗಿದೆ. ಆ ಇಡೀ ಮಾತನ್ನು ಹಾಲಪ್ಪ ಆಮೇಲೆ ಯಾರಿಗಾದರೂ ಕೊಟ್ಟನೋ ಇನ್ನೂ ಇಟ್ಟುಕೊಂಡಿದ್ದಾನೋ, ನಾನು ಹೇಳುವವನಲ್ಲ. ಕಾಗದದ ಮೇಲೆ ಹಿಡಿಸಿದ್ದು ಒಂದೇ ಸಾಲು, ನನಗೆ ಇಲ್ಲಿ ಹಿಡಿಸುವುದೂ ಅಷ್ಟೇ. ಶಾವಂತ್ರವ್ವ ಹೋದಳು, ಮಾಘ ಬಹುಳ ಪಂಚಮಿ, ಸೋಮವಾರ.